ಕಾಣುವಂಥ ಜೇಬು

ಜೂನ್ 4, ಮಂಗಳವಾರ

ದಾರದ ಕಂಪನಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿ ಇದು. ಇಷ್ಟು ದಿನ ಗುಂಡಿ ಡಬ್ಬಿಗಳ ಕೆಳಗೆ ಬಿದ್ದಿತ್ತು. ಊಟದ ಹೊತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾರ ಹತ್ತಿರ ಹೇಳಿಕೊಂಡರೂ ಅಳು ಬರುತ್ತಿದೆ. ಬರೆದರೆ ಬರಲಿಕ್ಕಿಲ್ಲ.

ಹೋದ ವಾರ ಇವರು ಅಟ್ಟದಿಂದ ಬಟ್ಟೆಯ ಗಂಟು ಇಳಿಸುವಾಗ ಏಣಿ ಜಾರಿ ಬಿದ್ದರು. ಬಲಗೈ ಎರಡು ಕಡೆ ಮುರಿದಿದೆ. ತೋಳಿನವರೆಗೂ ಪ್ಲಾಸ್ಟರ್. "ಎರಡು ತಿಂಗಳು ಕತ್ತರಿ ಮುಟ್ಟೋ ಹಾಗಿಲ್ಲ" ಎಂದರು ಡಾಕ್ಟರು. ಆಗ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಇನ್ನೂ ಈ ಕಡೆ ತಿರುಗಿಲ್ಲ.

ಬೀಳುವ ಮುಂಚಿನ ದಿನವೇ ಡಿಪೋದ ಕೆಲಸ ಬಂದಿತ್ತು. ಸಿಟಿ ಬಸ್ಸಿನ ಹೆಂಗಸು ಕಂಡಕ್ಟರುಗಳಿಗೆಲ್ಲ ಹೊಸ ಕೋಟು. ನೀಲಿ ಬಟ್ಟೆ ಮೂಲೆಯಲ್ಲಿ ಸೊಂಟದೆತ್ತರ ಕೂತಿದೆ. ಈ ತಿಂಗಳೊಳಗೆ ಕೊಡದಿದ್ದರೆ ಬೇರೆಯವರ ಪಾಲು. ಒಮ್ಮೆ ಕೈತಪ್ಪಿದ ಡಿಪೋ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಕತ್ತರಿಸುವುದು ಇವರ ಕೆಲಸ. ಕೂಡಿಸುವುದು, ಕಾಜಾ, ಗುಂಡಿ, ಅಂಚು ಮಡಿಸುವುದು ನನ್ನದು. ಮದುವೆಯಾದಾಗಿನಿಂದ ಹೀಗೇ. ದೊಡ್ಡ ಕತ್ತರಿಯನ್ನು ದಿನಾ ಒರೆಸಿ ಇಟ್ಟಿದ್ದೇನೆಯೇ ಹೊರತು ಬಟ್ಟೆಗೆ ಹಚ್ಚಿದ್ದಿಲ್ಲ.

ಬೆಳಿಗ್ಗೆ ಅತ್ತೆ ಬೀಗದ ಕೈ ತಂದು ನನ್ನ ಮುಂದೆ ಕುಕ್ಕಿದರು. "ಹೋಗಿ ಬಾಗಿಲು ತೆಗಿ. ಕೈ ಮುರಿದಿರೋದು ಅವನದು, ನಿನ್ನದಲ್ಲ."

ಇವರ ಕೈ ಸರಿಹೋಗುವ ತನಕ ಅಷ್ಟೇ. ಅಂಗಡಿ ಕಾಯುವುದು ಅಂತಿಟ್ಟುಕೊಳ್ಳೋಣ.


ಜೂನ್ 6, ಗುರುವಾರ

ಇವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಮೊದಲ ಕೋಟು ಕತ್ತರಿಸಿದೆ. ಕತ್ತರಿಸಿದೆ ಅನ್ನುವುದಕ್ಕಿಂತ ಬಟ್ಟೆಗೆ ಗಾಯ ಮಾಡಿದೆ ಅನ್ನಬೇಕು.

"ಎಡಕ್ಕೆ. ಇನ್ನೂ ಎಡಕ್ಕೆ. ಅಯ್ಯೋ, ನನ್ನ ಎಡಕ್ಕಲ್ವೇ!"

"ನಿಮ್ಮ ಎಡ ಯಾವುದು ಅಂತ ನಂಗೇನು ಗೊತ್ತು? ಎದುರಿಗೆ ಕೂತಿದೀರಲ್ಲ!"

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಗಂಡನ ಎಡಬಲ ಗೊತ್ತಿಲ್ಲ ಅಂತೀಯಲ್ಲೇ."

ಸೀಮೆಸುಣ್ಣದ ಗೆರೆ ಒಂದು ಕಡೆ, ನನ್ನ ಕತ್ತರಿ ಇನ್ನೊಂದು ಕಡೆ. ತೋಳಿನ ಸುತ್ತು ಬರುವಲ್ಲಿ ಕಣ್ಣು ಮುಚ್ಚಿಕೊಂಡುಬಿಟ್ಟೆ. ಅತ್ತೆ ಆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಯಾರಾದ್ರೂ ಗೂನುಬೆನ್ನಿನ ಕಂಡಕ್ಟ್ರು ಇದ್ರೆ ಸರಿಯಾಗಿ ಕೂರುತ್ತೆ."

ಇವರು ನಕ್ಕರು. ಬಿದ್ದಮೇಲೆ ಇದೇ ಮೊದಲು. ನಗುವಾಗ ಕೈ ನೋಯುತ್ತದಂತೆ. ಆದರೂ ನಕ್ಕರು.

ಎರಡನೆಯದು ಪರವಾಗಿಲ್ಲ. ಮೂರನೆಯದನ್ನು ಕಣ್ಣು ಬಿಟ್ಟುಕೊಂಡೇ ಕತ್ತರಿಸಿದೆ.


ಜೂನ್ 10, ಸೋಮವಾರ

ಬಾಗಿಲು ತೆಗೆದಾಗಿನಿಂದ ಅಳತೆ ಕೊಡಲು ಕಂಡಕ್ಟರುಗಳು ಡ್ಯೂಟಿ ಮುಗಿಸಿಕೊಂಡು ಗುಂಪು ಗುಂಪಾಗಿ ಬರುತ್ತಿದ್ದಾರೆ. ಅವರಲ್ಲೊಬ್ಬಳಿಗೆ ಎಲ್ಲರೂ ಸೀಟಿ ಅನ್ನುತ್ತಾರೆ. ಮಾತಾಡುವಾಗಲೂ ಸೀಟಿ ಹಲ್ಲಿನ ನಡುವೆಯೇ ಇರುತ್ತದೆ. ಉದ್ದನೆಯ ಹುಡುಗಿ. ಅವಳ ಭುಜದ ಅಳತೆ ತೆಗೆಯಲು ನಾನು ಮಣೆ ಹತ್ತಬೇಕಾಯಿತು.

ಡಿಪೋದವರು ಕೊಟ್ಟು ಗೋಡೆಗೆ ಅಂಟಿಸಿದ್ದ ಕೋಟಿನ ನಕ್ಷೆಯನ್ನು ಅವಳು ಬಗ್ಗಿ ನೋಡಿದಳು. ಕೊನೆಗೂ ಸೀಟಿ ಬಾಯಿಂದ ತೆಗೆದಳು.

"ಅಕ್ಕಾ, ಈ ಸಲನೂ ಸುಳ್ಳು ಜೇಬೇನಾ?"

ನನಗೆ ತಿಳಿಯಲಿಲ್ಲ. ಅವಳು ತೊಟ್ಟಿದ್ದ ಹಳೆಯ ಕೋಟನ್ನೇ ತೋರಿಸಿದಳು. ಸೊಂಟದ ಎರಡೂ ಕಡೆ ಜೇಬಿನ ಮುಚ್ಚಳ ಇದೆ. ಎತ್ತಿದರೆ ಕೆಳಗೆ ಏನಿಲ್ಲ, ಬರೀ ಬಟ್ಟೆ. ನೋಡುವುದಕ್ಕೆ ಮಾತ್ರ ಇರುವ ಮುಚ್ಚಳ. ಗಂಡಸರ ಕೋಟಿಗೆ ಹೊರಗೆ ಎರಡು, ಎದೆಗೊಂದು, ಒಳಗೊಂದು, ಒಟ್ಟು ನಾಲ್ಕು ಜೇಬು. ಇವರೇ ಕತ್ತರಿಸಿದ್ದು, ಕೂಡಿಸಿ ಗುಂಡಿ ಹಚ್ಚಿದವಳು ನಾನೇ. ಹೆಂಗಸರದ್ದಕ್ಕೆ ಯಾಕಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

"ಪೆನ್ನು ಜಡೇಲಿ, ಫೋನು ಕಾಲುಚೀಲದಲ್ಲಿ, ಬೋರ್ಡು ತಿರುಗಿಸೋ ಕೀಲಿ ಕಂಕುಳಲ್ಲಿ. ಸೀಟಿ ಬಾಯಲ್ಲಿ. ಇದನ್ನ ಚಟ ಅಂದ್ಕೊಂಡಿದಾರೆ ಎಲ್ಲ. ಇಡೋಕೆ ಜಾಗ ಎಲ್ಲಿದೆ ಹೇಳಿ? ಮೊನ್ನೆ ಬ್ರೇಕ್ ಹಾಕಿದಾಗ ನುಂಗೇಬಿಡ್ತಿದ್ದೆ."

ಜೊತೆಯಲ್ಲಿದ್ದವರೆಲ್ಲ ನಕ್ಕರು. ಸೀಟಿ ನಗಲಿಲ್ಲ. "ಒಳಗಡೆ ಒಂದೇ ಒಂದು ಹಾಕ್ಕೊಡಿ ಅಕ್ಕಾ. ಯಾರಿಗೂ ಕಾಣಲ್ಲ."

"ಡಿಪೋದವರು ಕೊಟ್ಟ ಮಾದರಿ ತಾಯಿ. ಬದಲಾಯಿಸೋಕೆ ನಾನ್ಯಾರು?" ಎಂದೆ.

ಹಾಗೆನ್ನಬಾರದಿತ್ತು ಅಂತಲ್ಲ. ನಿಜವನ್ನೇ ಹೇಳಿದೆ. ಆದರೂ ಮಧ್ಯಾಹ್ನವಿಡೀ ಹೊಲಿಗೆ ಸೊಟ್ಟಗೇ ಹೋಯಿತು.


ಜೂನ್ 12, ಬುಧವಾರ

ಹಾಕಿಬಿಟ್ಟೆ. ಸೀಟಿಯ ಕೋಟಿನ ಅಸ್ತರಿನಲ್ಲಿ, ಎಡಗಡೆ, ಅಂಗೈ ಅಗಲದ್ದು. ಹೊರಗಿನಿಂದ ಪತ್ತೆ ಹಚ್ಚಲಿ ನೋಡೋಣ!


ಜೂನ್ 18, ಮಂಗಳವಾರ

ಗುಟ್ಟು ಡಿಪೋದ ಹೆಂಗಸರ ಕೋಣೆ ಮುಟ್ಟಿದೆ. ಅಳತೆ ಕೊಡಲು ಬಂದವರೆಲ್ಲ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಂಗೂ ಅದು" ಅನ್ನುತ್ತಾರೆ. ಕಳ್ಳಸಾಗಣೆಯ ಅಂಗಡಿ ಆಗಿಬಿಟ್ಟಿದೆ ನಮ್ಮದು. ಒಬ್ಬಳಿಗೆ ಹಾಲುಣ್ಣುವ ಮಗುವಿದೆ; ಮಗುವಿನ ಫೋಟೊ ಇಡುವಷ್ಟು ಚಿಕ್ಕದೊಂದು ಎದೆಯ ಹತ್ತಿರ ಬೇಕಂತೆ. ಇನ್ನೊಬ್ಬಳಿಗೆ ತಲೆನೋವಿನ ಮಾತ್ರೆಗೆ. "ಏನಿಡ್ತೀರಾ?" ಎಂದು ಕೇಳಿದರೆ ನಿವೃತ್ತಿಗೆ ಹತ್ತಿರವಿರುವ ಹಿರಿಯ ಕಂಡಕ್ಟರು, "ಮೊದಲು ಹಾಕು, ಆಮೇಲೆ ಯೋಚನೆ ಮಾಡ್ತೀನಿ. ಇಷ್ಟು ವರ್ಷ ಆ ಯೋಚನೆ ಮಾಡೋ ಭಾಗ್ಯನೇ ಇರ್ಲಿಲ್ಲ" ಎಂದರು.

ಇವತ್ತು ಇವರಿಗೆ ಗೊತ್ತಾಯಿತು. ಎಡಗೈಯಲ್ಲಿ ಕೋಟಿನ ಒಳಮೈ ಸವರಿ ನೋಡುವುದು ಇವರ ಅಭ್ಯಾಸ. ಬೆರಳು ಜೇಬಿನೊಳಗೆ ಹೋಗಿ ನಿಂತಿತು.

"ಇದೇನಿದು?"

"ಜೇಬು."

"ಯಾರನ್ನ ಕೇಳಿ ಹಾಕ್ದೆ?"

"ಹಾಕ್ಕೊಳ್ಳೋರನ್ನ ಕೇಳಿ."

ಬಾಯಿಂದ ಬಂದುಬಿಟ್ಟಿತು. ಇವರ ಮುಖ ಕೆಂಪಾಯಿತು. "ತಲೆ ನೆಟ್ಟಗಿದೆಯೇನೇ? ಡಿಪೋ ಸ್ಟೋರ್ಸ್ ಸಾಹೇಬರು ಒಂದೊಂದನ್ನೂ ತಿರುಗಿಸಿ ನೋಡ್ತಾರೆ. ವಾಪಸ್ ಕಳಿಸಿದ್ರೆ ಇಡೀ ಕೆಲಸ ಹೋಯ್ತು!" ಎಂದು ಕೂಗಿದರು. ನಾನು ತಲೆ ತಗ್ಗಿಸಿ ಮಷೀನು ತುಳಿಯುತ್ತಿದ್ದೆ. ಅತ್ತೆ ಇಬ್ಬರಿಗೂ ಕಾಫಿ ತಂದಿಟ್ಟು, ಯಾರ ಪಕ್ಷವನ್ನೂ ವಹಿಸದೆ ಹೊರಗೆ ಹೋದರು. ಅತ್ತೆಗೆ ಅದು ದೊಡ್ಡ ತಪಸ್ಸು.

ಕಾಫಿ ತಣ್ಣಗಾದ ಮೇಲೆ ಇವರು ಮತ್ತೆ ಆ ಕೋಟನ್ನೇ ಎತ್ತಿಕೊಂಡರು. "ಹಾಕಿದ್ದು ಹಾಕ್ದೆ. ಬಾಯಿ ಹತ್ರ ಒಂದು ಪಟ್ಟಿ ಕೊಡು. ಇಲ್ದಿದ್ರೆ ಕೀಲಿ ಭಾರಕ್ಕೆ ಹರಿದುಹೋಗುತ್ತೆ."

ಪಟ್ಟಿ ಕೊಟ್ಟೆ.


ಜೂನ್ 23, ಭಾನುವಾರ

ಇವತ್ತು ಅಡುಗೆ ಇವರದು! ಒಂದೇ ಕೈ. ಅತ್ತೆ ತರಕಾರಿ ಹಿಡಿದುಕೊಳ್ಳುವುದು, ಇವರು ಎಡಗೈಯಲ್ಲಿ ಹೆಚ್ಚುವುದು. ಒಂದು ಹೋಳು ಹೆಬ್ಬೆರಳಷ್ಟು, ಇನ್ನೊಂದು ಹೆಬ್ಬಂಡೆಯಷ್ಟು. ಉಪ್ಪು ಎರಡು ಸಲ ಬಿದ್ದಿತ್ತು. ನಾನು ಕೋಟುಗಳ ನಡುವೆ ಕೂತಲ್ಲಿಗೇ ತಟ್ಟೆ ಬಂತು. ಬಿಸಿಬಿಸಿಯಾಗಿ, ಬೇರೆಯವರು ಬಡಿಸಿದ್ದು.

ಅತ್ತೆ ಕೇಳಿಯೇ ಬಿಟ್ಟರು: "ಒಂದು ಕೈಲಿ ಇಷ್ಟು ಮಾಡೋನು, ಎರಡು ಕೈ ಇದ್ದಾಗ ಏನ್ಮಾಡ್ತಿದ್ದೆ ಮಗನೇ?"

ಸಾಯಂಕಾಲದ ಪಾತ್ರೆಯನ್ನೂ ಇವರೇ ತೊಳೆದರು. ಒಂದು ಲೋಟ ಒಡೆಯಿತು. ಒಡೆಯಲಿ.


ಜೂನ್ 28, ಶುಕ್ರವಾರ

ಎಲ್ಲ ಕೋಟುಗಳನ್ನೂ ಇಸ್ತ್ರಿ ಮಾಡಿ ಡಿಪೋಗೆ ಒಪ್ಪಿಸಿದೆವು. ಹೇಳಿದ ಗಡುವಿಗೆ ಮುಂಚೆಯೇ. ಎಲ್ಲ ನಾನೇ ಕತ್ತರಿಸಿದ್ದು. ಆ ಮೊದಲ ಗೂನುಬೆನ್ನಿನ ತುಂಡೊಂದು ಮಾತ್ರ ಅಂಗಡಿಯಲ್ಲೇ ಉಳಿದಿದೆ.


ಜುಲೈ 1, ಸೋಮವಾರ

ವಾಪಸ್ ಬಂದವು. ಎಲ್ಲವೂ.


ಜುಲೈ 2, ಮಂಗಳವಾರ

ನಿನ್ನೆ ಬರೆಯುವ ಮನಸ್ಸಿರಲಿಲ್ಲ. ಸ್ಟೋರ್ಸ್ ಸಾಹೇಬರು ಗಂಟುಗಳ ಜೊತೆ ತಾವೇ ಬಂದಿದ್ದರು. ಕೆಟ್ಟ ಮನುಷ್ಯರಲ್ಲ, ಗಟ್ಟಿಯಾಗಿ ಮಾತಾಡಲೂ ಇಲ್ಲ. "ಮಾದರೀಲಿ ಇಲ್ಲದ್ದು ಯಾಕೆ ಹಾಕಿದ್ರಿ ಅಮ್ಮ? ಹೆಂಗಸರು ಜೇಬಿಗೆ ಏನಾದ್ರೂ ತುರುಕಿದ್ರೆ ಕೋಟು ಉಬ್ಬುತ್ತೆ, ಅಂದ ಕೆಡುತ್ತೆ. ಬಿಚ್ಚಿ ಕೊಡಿ. ಮುಂದಿನ ಮಂಗಳವಾರದೊಳಗೆ. ಇಲ್ಲಾಂದ್ರೆ ನಾನು ಏನೂ ಮಾಡೋ ಹಾಗಿಲ್ಲ."

ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಹೊಲಿಗೆ ಬಿಚ್ಚಲು ಸಣ್ಣ ಕತ್ತರಿ ಹಿಡಿದು ಕೂತೆ. ಮೇಲಿದ್ದದ್ದು ಹಿರಿಯ ಕಂಡಕ್ಟರದ್ದು. ದಾರಕ್ಕೆ ತುದಿ ತಾಗಿಸಿದ್ದೆ ಅಷ್ಟೆ. ಅತ್ತೆ ಬಂದು ಕೋಟನ್ನು ಕೈಯಿಂದ ಎಳೆದುಕೊಂಡರು.

"ಬಿಚ್ಚೋ ಮುಂಚೆ ಒಂದ್ಸಲ ನಾನು ಹಾಕ್ಕೊಂಡು ನೋಡ್ತೀನಿ."

ಹಾಕಿಕೊಂಡರು. ಅವರಿಗೆ ಅದು ಮೊಣಕಾಲಿಗೆ ಬರುತ್ತದೆ. ಕನ್ನಡಕದ ಡಬ್ಬಿಯನ್ನು ಒಳಜೇಬಿಗೆ ಇಳಿಸಿದರು, ತೆಗೆದರು, ಮತ್ತೆ ಇಳಿಸಿದರು. ಆಮೇಲೆ ಎರಡೂ ಕೈ ಬೀಸಿಕೊಂಡು ಬೀದಿಗೆ ಇಳಿದೇಬಿಟ್ಟರು. ಹಣ್ಣಿನಂಗಡಿಯವರೆಗೆ ಹೋಗಿ ಬಂದರು. ಹಣ್ಣಿನವನು "ಡ್ಯೂಟಿ ಯಾವ ರೂಟಲ್ಲಿ ಅಜ್ಜೀ?" ಎಂದು ಕೇಳಿದನಂತೆ. "ನಿಮ್ಮನೆ ಮುಂದೇನೇ. ಟಿಕೆಟ್ ತಗೋ" ಅಂದರಂತೆ.

ವಾಪಸ್ ಬಂದವರ ಕಣ್ಣು ತುಂಬಿತ್ತು. ನಗುತ್ತಲೂ ಇದ್ದರು. "ಜೀವಮಾನ ಎಲ್ಲ ಕೈಯಲ್ಲಿ ಏನಾದ್ರೂ ಹಿಡ್ಕೊಂಡೇ ನಡೆದಿದೀನಿ ಕಣೇ. ಚೀಲ, ಮಗು, ಬೀಗದ ಕೈ, ಯಾರದೋ ಟೋಪಿ. ಬರಿಗೈಲಿ ನಡೆಯೋದು ಹೀಗಿರುತ್ತೆ ಅಂತ ಯಾರೂ ಹೇಳ್ಲೇ ಇಲ್ಲ. ಇವನಪ್ಪ ಸಿನಿಮಾಕ್ಕೆ ಹೋದ್ರೂ ಕೈ ಬೀಸ್ಕೊಂಡು ಹೋಗ್ತಿದ್ರು. ಅವರ ಸಾಮಾನೆಲ್ಲ ನನ್ನ ಕೈಯಲ್ಲಿ."

ಸಣ್ಣ ಕತ್ತರಿಯನ್ನು ಡ್ರಾಯರಿಗೆ ಹಾಕಿದೆ. ಮಂಗಳವಾರ ಬರಲಿ, ನೋಡೋಣ.


ಜುಲೈ 3, ಬುಧವಾರ

ಸೀಟಿಗೆ ವಿಷಯ ತಿಳಿಸಿದೆ. ಬೈಗುಳದ ಮಳೆಯೇ ಸುರಿಯಿತು, ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ತಣ್ಣಗಾಗಿ, "ನೀವು ಬಿಚ್ಚಬೇಡಿ. ಶುಕ್ರವಾರ ಒಂದ್ಸಲ ನಮ್ಮ ಬಸ್ ಹತ್ತಿ ಅಕ್ಕಾ. ಅಜ್ಜೀನೂ ಕರ್ಕೊಂಡು ಬನ್ನಿ" ಎಂದಳು.

"ಏನ್ ಮಾಡ್ತೀರಿ?"

"ಏನೂ ಇಲ್ಲ. ರೂಲ್ಸ್ ಪ್ರಕಾರ ಡ್ಯೂಟಿ ಮಾಡ್ತೀವಿ."


ಜುಲೈ 5, ಶುಕ್ರವಾರ

ನಕ್ಕು ನಕ್ಕು ಪಕ್ಕೆ ಇನ್ನೂ ಹಿಡಿದುಕೊಂಡಿದೆ. ಮರೆಯುವ ಮುಂಚೆ ಎಲ್ಲವನ್ನೂ ಬರೆಯಬೇಕು.

ಬಸ್ಸು ಬಂತು. ಬಾಗಿಲಲ್ಲಿ ಸೀಟಿ, ಹಳೆಯ ಜೇಬಿಲ್ಲದ ಕೋಟಿನಲ್ಲಿ, ಶಿಸ್ತಾಗಿ ಎಲ್ಲ ಗುಂಡಿ ಹಾಕಿಕೊಂಡು. ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಬಕೆಟ್. ಅದರೊಳಗೆ ಟಿಕೆಟ್ ರೋಲು, ಊದುವ ಸೀಟಿ, ಪೆನ್ನು, ಕೀಲಿ, ಫೋನು, ಬ್ಯಾಂಡೇಜು, ಅವಳ ಬಾಚಣಿಗೆ. ಕಂಡಕ್ಟರು ಡ್ಯೂಟಿಯಲ್ಲಿ ಏನೇನು ಇಟ್ಟುಕೊಂಡಿರಬೇಕೆಂದು ರೂಲ್ಸಿನಲ್ಲಿದೆಯೋ ಅಷ್ಟೂ. ಎದುರಿನಿಂದ ಬಂದ ಬಸ್ಸಿನಲ್ಲಿ ಹಿರಿಯ ಕಂಡಕ್ಟರು ಹಿಟ್ಟಿನ ಜರಡಿ ಹಿಡಿದು ನಿಂತಿದ್ದರು. ಇನ್ನೊಬ್ಬಳ ಹತ್ತಿರ ಮಗುವಿಗೆ ಸ್ನಾನ ಮಾಡಿಸುವ ಟಬ್ಬು. ಊರಿನ ಹೆಂಗಸು ಕಂಡಕ್ಟರುಗಳೆಲ್ಲ ಇವತ್ತು ಹೀಗೇ.

"ಸ್ವಲ್ಪ ಹಿಡ್ಕೊಳ್ಳಿ ಯಜಮಾನ್ರೇ, ಚಿಲ್ಲರೆ ಕೊಡ್ತೀನಿ" ಎಂದು ಮುಂದಿನ ಸೀಟಿನ ಮುದುಕರಿಗೆ ಬಕೆಟ್ ಕೊಟ್ಟಳು. ಅವರಿಗೆ ಬಕೆಟ್ಟಿನಲ್ಲಿ ಸೀಟಿ ಸಿಕ್ಕಿತು. ಒಮ್ಮೆ ಊದಿದರು. ಬಸ್ಸು ನಿಂತಿತು. ಇನ್ನೊಮ್ಮೆ ಊದಿದರು, ಹೊರಟಿತು. ಆಮೇಲೆ ಅವರು ಸೀಟಿಯನ್ನು ವಾಪಸ್ ಕೊಡಲೇ ಇಲ್ಲ. ತಮ್ಮ ಸ್ಟಾಪು ದಾಟಿ ಹೋದರೂ ಇಳಿಯಲಿಲ್ಲ.

"ಬಕೆಟ್ ಯಾಕಮ್ಮಾ?" ಎಂದು ಯಾರೋ ಕೇಳಿದರು.

"ಕೋಟಲ್ಲಿ ಜೇಬಿಲ್ಲ ಸಾರ್."

"ಇದೆಯಲ್ಲ, ಕಾಣ್ತಿದೆ!"

"ಕೈ ಹಾಕಿ ತೋರಿಸಿ ನೋಡೋಣ" ಎಂದು ಸೀಟಿ ಮುಚ್ಚಳ ಎತ್ತಿದಳು.

ಆಗ ಕಿಟಕಿಯ ಪಕ್ಕ ಕೂತಿದ್ದ ಆಫೀಸಿನ ಹೆಂಗಸೊಬ್ಬರು ತಮ್ಮ ಕೋಟಿನ ಮುಚ್ಚಳ ಎತ್ತಿ ನೋಡಿಕೊಂಡರು. "ಅಯ್ಯೋ, ನಂದೂ ಸುಳ್ಳು!" ಹಿಂದಿನಿಂದ ಇನ್ನೊಬ್ಬಳು, "ನನ್ನ ಪ್ಯಾಂಟಿಂದೂ!" ಬಸ್ಸಿನ ಹೆಂಗಸರೆಲ್ಲ ಮೈ ತಡಕಿಕೊಳ್ಳುತ್ತಿದ್ದಾರೆ, ಗಂಡಸರು ಕಕ್ಕಾಬಿಕ್ಕಿ.

ನಾನು ಆ ಆಫೀಸಿನವರ ಹತ್ತಿರ ಹೋಗಿ ಮುಚ್ಚಳದಡಿ ಬೆರಳಾಡಿಸಿದೆ. ಒಳಗೆ ಚೀಲ ಇತ್ತು. ಅಂಗಡಿಯಲ್ಲಿ ಆಕಾರ ಕೆಡದಿರಲೆಂದು ಬಾಯಿಗೆ ಕಚ್ಚಾ ಹೊಲಿಗೆ ಹಾಕಿದ್ದರು, ಅಷ್ಟೆ. "ಇದು ನಿಜವಾದ್ದೇ ಮೇಡಂ. ಬಿಚ್ಚಲಾ?" ಎಂದೆ. ಕೈಚೀಲದಿಂದ ಸಣ್ಣ ಕತ್ತರಿ ತೆಗೆದು ದಾರ ಕಡಿದೆ. ಅವರು ಕೈ ಒಳಗೆ ಹಾಕಿದರು. ಮಣಿಕಟ್ಟಿನವರೆಗೂ ಹೋಯಿತು. "ಮೂರು ವರ್ಷದಿಂದ ಹಾಕ್ಕೊಳ್ತಿದೀನಿ ಇದನ್ನ!" ಎಂದು ಕಿರುಚಿದರು. ಇಡೀ ಬಸ್ಸು ಚಪ್ಪಾಳೆ ತಟ್ಟಿತು.

ಕೊನೆಯ ಸ್ಟಾಪು ಬರುವಷ್ಟರಲ್ಲಿ ನಾನು ಇನ್ನೂ ನಾಲ್ಕಾರು ಜೇಬು ಬಿಡುಗಡೆ ಮಾಡಿದ್ದೆ. ಅತ್ತೆ ಪಕ್ಕದಲ್ಲಿ ನಿಂತು, "ನನ್ನ ಸೊಸೆ. ಸರತಿಯಲ್ಲಿ ಬನ್ನಿ, ನೂಕಬೇಡಿ" ಎನ್ನುತ್ತಿದ್ದರು.


ಜುಲೈ 8, ಸೋಮವಾರ

ಡಿಪೋ ಮ್ಯಾನೇಜರು ಕರೆಸಿದ್ದರು. ಸೀಟಿ, ಹಿರಿಯ ಕಂಡಕ್ಟರು, ಸ್ಟೋರ್ಸ್ ಸಾಹೇಬರು, ನಾನು. ಇವರು ಬಾಗಿಲವರೆಗೆ ಬಂದು, "ನಾನೂ ಒಳಗೆ ಬರಲಾ?" ಎಂದು ಕೇಳಿದರು. "ಬೇಡ, ಇಲ್ಲೇ ನೆರಳಲ್ಲಿ ಕೂತಿರಿ" ಎಂದೆ.

ಮ್ಯಾನೇಜರು ನಗು ತಡೆದುಕೊಂಡೇ ಗದರಿದರು. "ಬಸ್ಸಲ್ಲಿ ಜರಡಿ ಏನ್ರೀ?" ಆಮೇಲೆ ನಕ್ಷೆ ತರಿಸಿದರು. ಅದು ಎಲ್ಲಿಂದ ಬಂತು ಎಂದು ವಿಚಾರಿಸಿದರೆ, ಹಿಂದೆ ಟಿಕೆಟ್ ಕೌಂಟರಿನಲ್ಲಿ ಮೇಜಿನ ಮುಂದೆ ಕೂರುತ್ತಿದ್ದ ಹೆಂಗಸರಿಗೆಂದು ಬರೆದದ್ದಂತೆ. ಅವರಿಗೆ ಡ್ರಾಯರ್ ಇತ್ತು. ಹೆಂಗಸರು ಬಸ್ಸು ಹತ್ತಿದ ಮೇಲೂ ಅದನ್ನೇ ನಕಲು ಮಾಡುತ್ತ ಬಂದಿದ್ದಾರೆ.

"ಬದಲಾಯಿಸಿ ಅಂತ ಯಾರೂ ಕೇಳ್ಲಿಲ್ಲ" ಎಂದರು ಸ್ಟೋರ್ಸ್ ಸಾಹೇಬರು.

"ಕೇಳಿದ್ವಿ ಸಾರ್. ನೀವು ನಕ್ಕುಬಿಟ್ರಿ" ಎಂದರು ಹಿರಿಯ ಕಂಡಕ್ಟರು.

ಸಾಹೇಬರು ಕಿಟಕಿಯ ಕಡೆ ನೋಡಿದರು. ನೆನಪಾಯಿತು ಅಂತ ಕಾಣುತ್ತದೆ.

ಮ್ಯಾನೇಜರು ನಾನು ಹೊಲಿದ ಕೋಟನ್ನು ತಿರುಗಿಸಿ ನೋಡಿ, "ಆಯ್ತಮ್ಮ. ಈ ಒಳಜೇಬು ಇರಲಿ. ಹೊರಗೇನೂ ಬೇಡ. ಕಾಣಿಸದೆ ಇದ್ದರೆ ಯಾರೂ ಕೇಳಲ್ಲ" ಎಂದರು. ಸೀಟಿ ಆಗಲೇ ಥ್ಯಾಂಕ್ಸ್ ಹೇಳಲು ಬಾಯಿ ತೆರೆದಿದ್ದಳು. ನನಗೂ ಸಾಕಾಗಬೇಕಿತ್ತು. ಕೋಟು ಉಳಿಯಿತು, ಕೆಲಸ ಉಳಿಯಿತು.

"ಕಾಣಲಿ ಸಾರ್" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಶುರು ಮಾಡಿದ ಮೇಲೆ ಮಾತು ನಿಲ್ಲಲಿಲ್ಲ. "ನಾನು ಒಳಗೆ ಹಾಕಿದ್ದು ಹೆದರಿಕೆಯಿಂದ. ಇವರು ಡ್ಯೂಟಿ ಸಾಮಾನು ಇಟ್ಕೊಳ್ಳೋದು, ಕದ್ದ ಮಾಲಲ್ಲ. ಬಸ್ಸು ಓಡ್ತಿರುವಾಗ ಗುಂಡಿ ಬಿಚ್ಚಿ ಒಳಗೆ ಕೈ ಹಾಕೋಕಾಗುತ್ತಾ? ಮುಚ್ಚಳ ಹೇಗೂ ಇದೆ. ಕೆಳಗೆ ಬಾಯಿ ಕತ್ತರಿಸಿ ಚೀಲ ಕೂಡಿಸ್ತೀನಿ. ಗಂಡಸರದ್ದಕ್ಕೆ ಹೇಗೋ ಹಾಗೆ. ಉಬ್ಬಿದ್ರೆ ಉಬ್ಬಲಿ ಸಾರ್, ನಿಮ್ಮದೂ ಉಬ್ಬಿದೆ."

ಮ್ಯಾನೇಜರು ತಮ್ಮ ಜೇಬು ನೋಡಿಕೊಂಡರು. ಕನ್ನಡಕ, ಫೋನು, ಡೈರಿ, ಅರ್ಧ ಪೊಟ್ಟಣ ಬಿಸ್ಕತ್ತು. ಸೀಟಿ ಕಿಸಕ್ಕೆಂದಳು. ಮೊದಲು ಜೋರಾಗಿ ನಕ್ಕವರು ಸ್ಟೋರ್ಸ್ ಸಾಹೇಬರೇ.

"ಎಷ್ಟು ದಿನ ಬೇಕು?" ಎಂದರು ಮ್ಯಾನೇಜರು.

"ಎರಡು ವಾರ ಕೊಡಿ. ಕತ್ತರಿಸೋದು ನಾನೊಬ್ಬಳೇ."

ಹೊರಗೆ ಬಂದಾಗ ಇವರು ಎದ್ದು ನಿಂತಿದ್ದರು. ಕಿಟಕಿ ತೆರೆದಿತ್ತಂತೆ, ಎಲ್ಲ ಕೇಳಿಸಿತಂತೆ. "ಮ್ಯಾನೇಜರ ಹೊಟ್ಟೆಗೇ ಕೈ ಹಾಕಿದೆಯಲ್ಲೇ!" "ಹೊಟ್ಟೆ ಅಲ್ಲರೀ, ಜೇಬು!" ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕೆವು.


ಜುಲೈ 19, ಶುಕ್ರವಾರ

ಬರೆಯಲು ಪುರುಸೊತ್ತಿಲ್ಲ. ಡ್ಯೂಟಿ ಇಲ್ಲದ ಕಂಡಕ್ಟರುಗಳು ಬಂದು ಗುಂಡಿ ಹಚ್ಚುತ್ತಿದ್ದಾರೆ. ಹಾಲುಣ್ಣುವ ಮಗು ಅತ್ತೆಯ ಮಡಿಲಲ್ಲಿ. ಇವರು ಎಲ್ಲರಿಗೂ ಅಡುಗೆ ಮಾಡುತ್ತಾರೆ, ಉಪ್ಪು ಈಗ ಒಂದೇ ಸಲ.


ಜುಲೈ 24, ಬುಧವಾರ

ಬೆಳಿಗ್ಗೆ ಅಂಗಡಿಯ ಮುಂದೆ ಮೊದಲ ಹೊಸ ಕೋಟು ಹೋಯಿತು. ಹಿರಿಯ ಕಂಡಕ್ಟರು. ಬಸ್ಸಿನ ಬಾಗಿಲಲ್ಲಿ ನಿಂತು, ಬಲಗೈ ಕಂಬಿಗೆ, ಎಡಗೈ ಜೇಬಿಗೆ. ನನ್ನ ಕಡೆ ನೋಡಿ ಜೇಬನ್ನು ತಟ್ಟಿ ತೋರಿಸಿದರು. ಏನೋ ಇಟ್ಟುಕೊಂಡಿದ್ದಾರೆ. ಕೇಳಬೇಕು. ಅಥವಾ ಬೇಡ, ಅವರ ಜೇಬು.

ಪಕ್ಕದೂರಿನ ಡಿಪೋದವರು ಬಂದು ಬಟ್ಟೆ ಕೊಟ್ಟು ಹೋಗಿದ್ದಾರೆ.


ಆಗಸ್ಟ್ 4, ಭಾನುವಾರ

ಇವರ ಪ್ಲಾಸ್ಟರ್ ತೆಗೆದು ವಾರವಾಯಿತು. ಕೈ ಸೊರಗಿದೆ. ಬೆರಳಿಗೆ ಬಲ ಬರಲು ಸಣ್ಣ ಕೆಲಸ ಮಾಡಬೇಕಂತೆ. ಅದಕ್ಕೆ ಗುಂಡಿ, ಕೈಹೊಲಿಗೆ ಎಲ್ಲ ಇವರಿಗೆ ಕೊಟ್ಟಿದ್ದೇನೆ. ಪಕ್ಕದೂರಿನ ಕೋಟುಗಳನ್ನು ನಾನು ಕತ್ತರಿಸುತ್ತಿದ್ದೇನೆ. ಇವರು ಕತ್ತರಿ ಕೇಳಲಿಲ್ಲ, ನನಗೂ ಕೊಡಬೇಕೆಂದು ನೆನಪಾಗಲಿಲ್ಲ. ಕೆಲಸ ರಾಶಿ ಬಿದ್ದಿದೆ, ಯಾರು ಏನು ಮಾಡಿದರೇನು.

ಇವತ್ತು ಹೊರಗೆ ಹೋಗೋಣವೆಂದು ನನ್ನ ಹಸಿರು ಅಂಗಿ ತೊಟ್ಟರೆ ಬಲಗಡೆ ಸೊಂಟದಲ್ಲಿ ಏನೋ ತಡೆಯಿತು. ಜೇಬು. ಇವರು ಕದ್ದು ಹೊಲಿದಿದ್ದಾರೆ, ಕೈಯಲ್ಲೇ. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಇರುವೆ ಕುಂಟಿಕೊಂಡು ಹೋದ ಹಾಗಿದೆ. ಊರಿನವರಿಗೆಲ್ಲ ಹಾಕಿಕೊಟ್ಟವಳು ನಾನು. ನನ್ನದಕ್ಕೊಂದು ಬೇಕೆಂದು ಹೊಳೆದೇ ಇರಲಿಲ್ಲ.

ಇವರು ಬಾಗಿಲಲ್ಲಿ ನಿಂತು ಪರೀಕ್ಷೆ ಬರೆದ ಹುಡುಗನ ಹಾಗೆ ನೋಡುತ್ತಿದ್ದರು. "ಹೇಗಿದೆ?"

ಕೈ ಒಳಗೆ ಬಿಟ್ಟು ನೋಡಿದೆ. "ಬಾಯಿಗೆ ಪಟ್ಟಿ ಕೊಟ್ಟಿದೀರಿ, ಒಳ್ಳೇದು. ಆಳ ಇನ್ನೊಂದು ಬೆರಳು ಬೇಕಿತ್ತು."

"ಬಿಚ್ಚಿ ಮತ್ತೆ ಹಾಕಲಾ?"

"ಇದನ್ನ ಮುಟ್ಟಬೇಡಿ, ಹೀಗೇ ಇರಲಿ" ಎಂದೆ. "ಎಡಗಡೆಗೆ ಇನ್ನೊಂದು ಹಾಕಿ, ಒಂದು ಬೆರಳು ಹೆಚ್ಚು ಆಳಕ್ಕೆ."